ವೈದ್ಯರನ್ನು ಕೇಳಿ: ದುಪ್ಪಟ್ಟು ಅಂದರೆ ಎಷ್ಟರ ದುಪ್ಪಟ್ಟು?

ಪ್ರಶ್ನೆ: ಡಾಕ್ಟರೇ, ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬೆಳಗಾದರೆ ಒಂದು ಆರೋಗ್ಯ ಸಂದೇಶ ಬಂದು ಬೀಳುತ್ತದೆ. ಮೊನ್ನೆ ಬಂದದ್ದು: ‘ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು, ಕೂಡಲೇ ನಿಲ್ಲಿಸಿ.’ ನಾನು ಆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಓದಿದ್ದು ಬಿ.ಕಾಂ., ವಿಜ್ಞಾನ ಹತ್ತನೇ ತರಗತಿಗೇ ಮುಗಿಯಿತು. ಇಂಥದ್ದರಲ್ಲಿ ನಿಜವೆಷ್ಟು ಎಂದು ನನ್ನಂಥವರು ತಿಳಿಯುವುದು ಹೇಗೆ?

ಉತ್ತರ: ಬಿ.ಕಾಂ. ಓದು ಇಲ್ಲಿ ಧಾರಾಳವಾಗಿ ಸಾಕು. ದುಪ್ಪಟ್ಟು ಸರಿ, ಮೊದಲು ಎಷ್ಟಿತ್ತು? ಇದೊಂದು ಪ್ರಶ್ನೆ ಕೇಳಿ. ಉತ್ತರ ಆ ಸಂದೇಶದಲ್ಲಿ ಇಲ್ಲದಿದ್ದರೆ, ಅದನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಹೆಚ್ಚುಕಡಿಮೆ ಇದೇ ಮಾತು ಹೇಳಿತ್ತು. ಆಗ ಹೊಸದಾಗಿದ್ದ ಕೆಲವು ಗರ್ಭನಿರೋಧಕ ಮಾತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಮಾತ್ರೆಗಳಿಗಿಂತ ಎರಡು ಪಟ್ಟು ಎಂದಿತು. ಅಂಕಿಯಲ್ಲಿ ಹೇಳುವುದಾದರೆ, 7,000 ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಸುದ್ದಿಯಲ್ಲಿ ಓಡಾಡಿದ್ದು ‘ಎರಡು ಪಟ್ಟು’ ಮಾತ್ರ. ಆ 7,000 ಎಲ್ಲೋ ಉದುರಿಹೋಯಿತು. ಹೆದರಿದ ಹೆಂಗಸರು ಮಾತ್ರೆ ಬಿಟ್ಟರು. ಬೇಡದ ಬಸಿರು ಹೆಚ್ಚಿ, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವು ಎಂಬ ಅಂದಾಜಿದೆ. ಬಸಿರು ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಳಿಗಿಂತಲೂ ಹೆಚ್ಚು ಎಂಬುದನ್ನು ಅವರಿಗೆ ಬಿಡಿಸಿ ಹೇಳುವವರಿರಲಿಲ್ಲ. ಈ ಪ್ರಕರಣ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಅರ್ಧ ಲೆಕ್ಕ ಹೇಳಿದ್ದರು.

ನಿಮ್ಮ ಮಾತ್ರೆಯನ್ನು ಸಂದೇಶ ನೋಡಿ ನಿಲ್ಲಿಸಬೇಡಿ. 35 ದಾಟಿ ಸಿಗರೇಟು ಸೇದುವವರು, ಕಣ್ಣ ಮುಂದೆ ಬೆಳಕಿನ ಗೆರೆ ಮಿಂಚಿ ಶುರುವಾಗುವ ಮೈಗ್ರೇನ್ ಇರುವವರು, ತಮಗೋ ಒಡಹುಟ್ಟಿದವರಿಗೋ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ವೈದ್ಯರಿಗೆ ಅದನ್ನು ಹೇಳಲೇಬೇಕು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಎದೆನೋವು, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಸೋದರಮಾವನಿಗೆ ಮಂಡಿನೋವು. ಒಂದು ನೈಸರ್ಗಿಕ ಪುಡಿ ತೆಗೆದುಕೊಂಡರು, ಎರಡು ವಾರದಲ್ಲಿ ಆರಾಮಾಗಿ ಮೆಟ್ಟಿಲು ಹತ್ತಿದರು. ಇಂಥ ಔಷಧಗಳನ್ನು ನಂಬಬೇಡಿ ಎಂದು ನೀವು ಬರೆಯುತ್ತೀರಿ. ಕಣ್ಣಾರೆ ಕಂಡದ್ದೂ ಸುಳ್ಳೇ? ನೈಸರ್ಗಿಕ ತಾನೇ, ಗುಣವಾಗದಿದ್ದರೂ ಕಳೆದುಕೊಳ್ಳುವುದೇನು?

ಉತ್ತರ: ನೀವು ಕಂಡದ್ದು ನಿಜ, ಮಾವನವರ ನೋವು ಇಳಿದದ್ದೂ ನಿಜ. ಪುಡಿಯಿಂದಲೇ ಇಳಿಯಿತೇ ಎಂಬುದು ಮಾತ್ರ ಗೊತ್ತಿಲ್ಲ.

ಮಂಡಿನೋವು ಏರಿಳಿಯುವ ನೋವು. ಹೊಸ ಔಷಧ ಹುಡುಕಿಕೊಂಡು ಹೋಗುವುದು ಯಾವಾಗ? ನೋವು ವಿಪರೀತವಾದಾಗ. ವಿಪರೀತವಾದದ್ದು ಎರಡು ವಾರದಲ್ಲಿ ಒಂದಿಷ್ಟು ಇಳಿಯುವುದು ಸಾಮಾನ್ಯ. ಪುಡಿ ತಿಂದರೂ ಇಳಿಯುತ್ತದೆ, ತಿನ್ನದಿದ್ದರೂ ಇಳಿಯುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇದು ಅದೇ. ಪುಡಿ ತಿನ್ನದ, ಅಷ್ಟೇ ನೋವಿದ್ದ ಇನ್ನೊಬ್ಬರು ಪಕ್ಕದಲ್ಲಿದ್ದಿದ್ದರೆ ನಿಮಗೆ ಉತ್ತರದ ಸುಳಿವು ಸಿಗುತ್ತಿತ್ತು. ಇಬ್ಬರ ಬದಲು ಇನ್ನೂರು ಮಂದಿಯನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಪುಡಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಬರೀ ಹಿಟ್ಟು ಕೊಟ್ಟು, ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಾಗದಂತೆ ನೋಡಿಕೊಂಡರೆ, ಆಗ ನಂಬಬಹುದಾದ ಉತ್ತರ ಸಿಗುತ್ತದೆ.

ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲಿ ಸ್ಕರ್ವಿ (ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ) ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಔಷಧ ಕೊಟ್ಟು ನೋಡಿದ. ಒಂದು ಜೋಡಿಗೆ ವಿನಿಗರ್, ಇನ್ನೊಂದಕ್ಕೆ ಸಮುದ್ರದ ನೀರು, ಹೀಗೆ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಎದ್ದು ಓಡಾಡಿದರು. ಈಗಿನ ಲೆಕ್ಕದಲ್ಲಿ ಅದು ಬಹಳ ಚಿಕ್ಕ ಪರೀಕ್ಷೆ. ಆದರೂ ಹೋಲಿಸಿ ನೋಡಿದ್ದರಿಂದಲೇ ವಿನಿಗರ್ ಯಾವುದು, ನಿಂಬೆ ಯಾವುದು ಎಂದು ಬೇರೆಯಾಯಿತು.

ನಿಮ್ಮ ಎರಡನೇ ಪ್ರಶ್ನೆ ನನಗೆ ಇನ್ನೂ ಮುಖ್ಯ. ಬೀಟಾ ಕ್ಯಾರೋಟಿನ್ ಕ್ಯಾರೆಟ್‌ನಲ್ಲಿರುವ ವಸ್ತು. ಅದಕ್ಕಿಂತ ನೈಸರ್ಗಿಕ ಇನ್ಯಾವುದು? ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದೂ ಕಂಡುಬಂದಿತ್ತು. ಹಾಗಾಗಿ ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಅದರ ಮಾತ್ರೆ ಕೊಟ್ಟು ಐದರಿಂದ ಎಂಟು ವರ್ಷ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು! ಎಷ್ಟರ ಮೇಲೆ 18 ಎಂದು ನೀವು ಕೇಳಬೇಕು, ಹೇಳುತ್ತೇನೆ: ಸುಮಾರು 14,500 ಮಂದಿಯ ಒಂದೊಂದು ಗುಂಪಿನಲ್ಲಿ, ಮಾತ್ರೆ ಇಲ್ಲದವರಲ್ಲಿ 402, ಇದ್ದವರಲ್ಲಿ 474. ಹೋಲಿಸಲು ಇನ್ನೊಂದು ಗುಂಪು ಇರದಿದ್ದರೆ ಈ ಹೆಚ್ಚುವರಿ ಕ್ಯಾನ್ಸರ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಎಲ್ಲವೂ ಸಿಗರೇಟಿನ ಲೆಕ್ಕಕ್ಕೇ ಸೇರುತ್ತಿತ್ತು.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಒಳ್ಳೆಯದು ಎಂದರು, ಆಮೇಲೆ ಬೇಡ ಎಂದರು. ಅಗ್ಗದ ಔಷಧವಾದ್ದರಿಂದ ಮುಚ್ಚಿಹಾಕಿದರು ಎಂಬ ಅನುಮಾನ ತಪ್ಪೇ?

ಉತ್ತರ: ಔಷಧ ಕಂಪನಿಗಳ ಮೇಲೆ ಅನುಮಾನ ಇರಬೇಕಾದದ್ದೇ. ಆದರೆ ಈ ವಿಷಯದಲ್ಲಿ ಲೆಕ್ಕ ಬಹಿರಂಗವಾಗಿದೆ. 2020ರ ಮಾರ್ಚ್‌ನಲ್ಲಿ ಬಂದ ಫ್ರಾನ್ಸಿನ ಅಧ್ಯಯನದಲ್ಲಿ ಈ ಔಷಧ ಪಡೆದವರು 26 ಮಂದಿ. ಅವರಲ್ಲಿ ಆರು ಮಂದಿಯನ್ನು ಕೊನೆಯ ಲೆಕ್ಕದಿಂದ ಬಿಟ್ಟಿದ್ದರು. ಆ ಆರರಲ್ಲಿ ಮೂವರು ಐಸಿಯು ಸೇರಿದ್ದರು, ಒಬ್ಬರು ತೀರಿಹೋಗಿದ್ದರು. ಪ್ರಬಂಧವನ್ನು ಪ್ರಕಟಿಸಿದ ನಿಯತಕಾಲಿಕವೇ 2024ರ ಡಿಸೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯಲ್ಲಿ 1,561 ರೋಗಿಗಳಿಗೆ ಅದೇ ಔಷಧ ಕೊಟ್ಟು, ಕೊಡದ 3,155 ಮಂದಿಗೆ ಹೋಲಿಸಿದರು. 28 ದಿನದೊಳಗೆ ಸತ್ತವರು ಕ್ರಮವಾಗಿ ಶೇ 27 ಮತ್ತು ಶೇ 25. ಪ್ರಯೋಜನ ಕಾಣಲಿಲ್ಲ.

ಅದೇ ‘ರಿಕವರಿ’ ಪರೀಕ್ಷೆ ಎತ್ತಿಹಿಡಿದ ಔಷಧ ಡೆಕ್ಸಾಮೆಥಾಸೋನ್. ದಶಕಗಳಷ್ಟು ಹಳೆಯದು, ತೀರಾ ಅಗ್ಗದ್ದು. ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಅದು ಶೇ 41ರಿಂದ 29ಕ್ಕೆ ಇಳಿಸಿತು. ಅಗ್ಗ ಎಂಬ ಕಾರಣಕ್ಕೆ ಮುಚ್ಚಿಹಾಕುವವರಿದ್ದಿದ್ದರೆ ಇದನ್ನೇ ಮೊದಲು ಮುಚ್ಚಿಹಾಕಬೇಕಿತ್ತು.

ಪ್ರಶ್ನೆ: ಒಂದು ವಿಡಿಯೊ ನೋಡಿ ಅಪ್ಪ ಬಿಪಿ ಮಾತ್ರೆ ಬಿಟ್ಟಿದ್ದಾರೆ. ‘ತಿಂಗಳಾಯಿತು, ಏನೂ ಆಗಿಲ್ಲ’ ಎನ್ನುತ್ತಾರೆ. ಗುಂಪಿನಲ್ಲಿ ಆ ವಿಡಿಯೊ ಸುಳ್ಳೆಂದು ಬರೆದೆ, ಸಿಟ್ಟಾದರು. ಏನು ಮಾಡಲಿ?

ಉತ್ತರ: ವಿಡಿಯೊ ಚರ್ಚೆ ಸದ್ಯಕ್ಕೆ ಬಿಡಿ, ಹತ್ತು ಜನರೆದುರು ತಿದ್ದಿದರೆ ಯಾವ ಅಪ್ಪನಿಗಾದರೂ ನೋವಾಗುತ್ತದೆ. ಬಿಪಿ ಏರಿದರೆ ಬಹುಪಾಲು ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಪಾರ್ಶ್ವವಾಯುವೋ ಹೃದಯಾಘಾತವೋ ಆಗುವವರೆಗೂ ಆರಾಮಾಗಿಯೇ ಇರುತ್ತಾರೆ. ಆದ್ದರಿಂದ ‘ಏನೂ ಆಗಿಲ್ಲ’ ಎಂಬುದನ್ನು ಅಳತೆಯಿಂದಲೇ ನೋಡಬೇಕು. ‘ಅಪ್ಪಾ, ನೀವು ಹೇಳೋದು ಸರಿಯಿದ್ದರೆ ಮೆಷಿನ್ನೂ ಅದನ್ನೇ ಹೇಳುತ್ತೆ, ನೋಡೋಣ ಬನ್ನಿ’ ಎಂದು ಒಬ್ಬರೇ ಇದ್ದಾಗ ಕರೆಯಿರಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಬೆಳಿಗ್ಗೆ, ಸಂಜೆ, ಒಂದು ವಾರ. ಅವರ ಕೈಯಲ್ಲೇ ಬರೆಸಿ. ಬಿಟ್ಟ ಮಾತ್ರೆಯ ಹೆಸರನ್ನು ಮಾತ್ರ ಇವತ್ತೇ ವೈದ್ಯರಿಗೆ ಫೋನ್ ಮಾಡಿ ತಿಳಿಸಿ, ಏಕೆಂದರೆ ಕ್ಲೋನಿಡಿನ್, ಬೀಟಾ ಬ್ಲಾಕರ್‌ನಂಥವನ್ನು ಏಕಾಏಕಿ ನಿಲ್ಲಿಸುವುದೇ ಅಪಾಯ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಯಾವುದಾದರೂ ಕಂಡರೆ ವಾರ ಕಾಯಬೇಡಿ, ಆ ಕ್ಷಣವೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.