ಶರತ್ಕಾಲದಲ್ಲಿ ಕೊಳದ ಬಾಸ್ ಮೀನಿಗೆ ಯಾವ ಲೂರ್ (ಕೃತಕ ಎರೆ) ಒಳ್ಳೆಯದು, ಹೇಗೆ ಕಟ್ಟಬೇಕು?

4–5 ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ಟೆಕ್ಸಾಸ್ ರಿಗ್‌ನಲ್ಲಿ ಕಟ್ಟಿ. ಸಣ್ಣ ಕೊಳಕ್ಕೆ ಬಹುಮಟ್ಟಿಗೆ ಇಷ್ಟೇ ಸಾಕು. ಆ ಹೊತ್ತಿಗೆ ಜೊಂಡು ಕೊಳೆತು, ಉದುರಿದ ಎಲೆ ತಳ ಸೇರಿರುತ್ತದೆ. ಮೊನೆ ಹೊರಗಿರುವ ಗಾಳ ಹಾಕಿದರೆ ಮೀನಿಗಿಂತ ಕಸವೇ ಹೆಚ್ಚು ಸಿಗುತ್ತದೆ. ಈ ರಿಗ್‌ನಲ್ಲಿ ಮೊನೆ ಹುಳುವಿನೊಳಗೇ ಅಡಗಿದ್ದು, ಮೀನು ಕಚ್ಚಿದ ಮೇಲೆ ನೀವು ಜಗ್ಗಿದಾಗ ಹೊರಬರುತ್ತದೆ.

ಸುಮಾರು 3.5 ಗ್ರಾಂನ ಬುಲೆಟ್ ತೂಕವನ್ನು (ಗುಂಡಿನಾಕಾರದ ತೂಕ) ಚೂಪು ತುದಿ ಮೇಲೆ, ಕೋಲಿನ ಕಡೆಗೆ ಇರುವಂತೆ ದಾರಕ್ಕೆ ಪೋಣಿಸಿ, 2/0 ಅಳತೆಯ ಆಫ್‌ಸೆಟ್ ಗಾಳ (ಕೊರಳು ಬಾಗಿದ ಗಾಳ) ಕಟ್ಟಿ. ಮೊನೆಯನ್ನು ಹುಳುವಿನ ತಲೆಗೆ ಅರ್ಧ ಸೆಂಟಿಮೀಟರ್ ಚುಚ್ಚಿ, ಪಕ್ಕದಿಂದ ಹೊರತೆಗೆದು, ಗಾಳದ ಕೊರಳಿನ ಬಾಗು ತಲೆಯಲ್ಲಿ ಕೂರುವವರೆಗೆ ಎಳೆದು, ಗಾಳ ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೆ ಸೇರಿಸಿ. ಹುಳು ನೆಟ್ಟಗಿರಲೇಬೇಕು, ಸೊಟ್ಟಗಿದ್ದರೆ ನೀರಲ್ಲಿ ಗಿರಗಿರ ತಿರುಗಿ ದಾರ ಹುರಿಗಟ್ಟುತ್ತದೆ. ನೀರು ತಣ್ಣಗಾದಷ್ಟೂ ನಿಧಾನವಾಗಿ ಎಳೆಯಿರಿ.