ಡಿಗಾಕ್ಸಿನ್ ಹೆಚ್ಚಾಗಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಮನೆಯಲ್ಲಿ ಹೃದಯದ ತೊಂದರೆಗೆ ಡಿಗಾಕ್ಸಿನ್ ಕುಡಿಯುವ ಅಜ್ಜಿಗೆ ಊಟ ಸೇರುತ್ತಿಲ್ಲ, ವಾಂತಿ. ಗ್ಯಾಸ್ಟ್ರಿಕ್ಕೋ, ಮದ್ದಿನದ್ದೋ?

ಮೊದಲು ಮದ್ದನ್ನೇ ಸಂಶಯಿಸಿ. ಡಿಗಾಕ್ಸಿನ್ ಮೈಯಲ್ಲಿ ಹೆಚ್ಚಾದರೆ ವಿಷವಾಗುತ್ತದೆ; ಹಸಿವಿಲ್ಲದಿರುವುದು, ಓಕರಿಕೆ ಈ ವಿಷದ ಆರಂಭದ ಲಕ್ಷಣಗಳು. ಪ್ರಾಯದವರಲ್ಲಿ ಬರೀ ಸುಸ್ತು, ಗೊಂದಲದ ಮಾತು ಇರಲೂಬಹುದು. ದೀಪದ ಸುತ್ತ ಹಳದಿ-ಹಸಿರು ಬಳೆ ಕಂಡರೆ ಸಂಶಯ ಬಲವಾಗುತ್ತದೆ, ಆದರೆ ಅದಕ್ಕಾಗಿ ಕಾಯಬೇಡಿ.

ಮಾತ್ರೆ ಕೊಡುವ ಮೊದಲು ಎದೆಯ ಎಡಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ 1 ನಿಮಿಷ ಬಡಿತ ಎಣಿಸಿ. 15 ಸೆಕೆಂಡ್ ಎಣಿಸಿ ಗುಣಿಸಿದರೆ ತಾಳ ತಪ್ಪುವುದು ಗೊತ್ತಾಗದು. 60ಕ್ಕಿಂತ ಕಡಿಮೆಯಿದ್ದರೆ, ತಾಳ ಹೊಸದಾಗಿ ತಪ್ಪಿದ್ದರೆ ಅಥವಾ ಈಗಿನಂತೆ ವಾಂತಿಯಿದ್ದರೆ ಆ ಹೊತ್ತಿನ ಮಾತ್ರೆ ತಡೆದು ಕೂಡಲೇ ಡಾಕ್ಟರಿಗೆ ತಿಳಿಸಿ. ತಲೆ ತಿರುಗಿ ಬಿದ್ದರೆ 108ಕ್ಕೆ ಕರೆ ಮಾಡಿ.

ಮಳೆಗಾಲದ ಭೇದಿಯ ಹೊತ್ತಿಗೆ ಹೆಚ್ಚು ಜಾಗ್ರತೆ ಬೇಕು. ಭೇದಿ ಮತ್ತು ಮೂತ್ರ ಹೋಗಿಸುವ ಫ್ರುಸೆಮೈಡ್ ಸೇರಿ ರಕ್ತದ ಪೊಟ್ಯಾಸಿಯಂ ಎಂಬ ಲವಣವನ್ನು ಇಳಿಸುತ್ತವೆ; ಅದು ಇಳಿದರೆ ಡಿಗಾಕ್ಸಿನ್ ಹೃದಯಕ್ಕೆ ಹೆಚ್ಚು ತಾಗುತ್ತದೆ. ಮೈಯ ನೀರು ಆರಿದರೆ ಕಿಡ್ನಿಯೂ ಡಿಗಾಕ್ಸಿನನ್ನು ಸರಿಯಾಗಿ ಹೊರಹಾಕದು. ಆಗ ಹಳೆಯ ಡೋಸೇ ವಿಷವಾಗುತ್ತದೆ.

ರಕ್ತಪರೀಕ್ಷೆಯಲ್ಲಿ ಡಿಗಾಕ್ಸಿನ್ ಮಟ್ಟದ ಜೊತೆ ಪೊಟ್ಯಾಸಿಯಂ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಕೂಡ ನೋಡಬೇಕು. ಡಿಗಾಕ್ಸಿನ್ ಮಟ್ಟಕ್ಕೆ ರಕ್ತ ತೆಗೆಯುವುದು ಕೊನೆಯ ಮಾತ್ರೆಯ 6 ಗಂಟೆಯ ನಂತರ. ಪೊಟ್ಯಾಸಿಯಂ ಕಡಿಮೆಯಿದ್ದರೆ ಮಟ್ಟ ಸರಿ ಕಂಡರೂ ವಿಷ ಇರಬಹುದು. ಮಂಗಳೂರಿನ ಚೀಟಿ, ಊರಿನ ಚೀಟಿ ಎರಡನ್ನೂ ತೋರಿಸಿ: ಒಂದೇ ಮದ್ದು ಎರಡು ಹೆಸರಲ್ಲಿ ಇರಬಹುದು.