ಕೆರೆಯಲ್ಲಿ ಈಜಿದವರಿಗೆ ಕಡಲು ಸುಲಭವಾ?

ಪ್ರಶ್ನೆ: ಅಕ್ಕಾ, ನನಗೆ 37 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ, ಜೊತೆಗೆ ಕಾಸರಗೋಡಿನಲ್ಲಿ ಆಫೀಸು ಕೆಲಸ. ಚಿಕ್ಕಂದಿನಿಂದಲೂ ತೋಟದ ಕೆರೆಯಲ್ಲಿ ಈಜಿದವ ನಾನು. ಸೈಕಲ್ ಹೊಡೆಯುತ್ತೇನೆ, ಒಂದು ವರ್ಷದಿಂದ ಓಡುತ್ತಲೂ ಇದ್ದೇನೆ. ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್‌ಗೆ ಹೆಸರು ಕೊಡೋಣ ಅಂತ ಗೆಳೆಯರು ಹಠ ಹಿಡಿದಿದ್ದಾರೆ. ಮೂರೂ ಬರುತ್ತದಲ್ಲ, ಇನ್ನೇನು ಬೇಕು?
– ಹೆಸರು ಬೇಡ, ಬದಿಯಡ್ಕ

ಉತ್ತರ: ಮೂರೂ ಬರುತ್ತದೆ, ಒಪ್ಪಿದೆ. ಆದರೆ ಒಂದರ ಬೆನ್ನಿಗೆ ಇನ್ನೊಂದು ಮಾಡಿ ನೋಡಿದ್ದೀರಾ? ಪತ್ರದಲ್ಲಿ ಅದೊಂದನ್ನು ಬರೆದಿಲ್ಲ ನೀವು.

ಮೊದಲು ಗೋವಾ ವಿಷಯ ಮುಗಿಸಿಬಿಡೋಣ. 70.3 ಅನ್ನುವುದು ಮೂರೂ ಸೇರಿದ ದೂರ, ಮೈಲಿ ಲೆಕ್ಕದಲ್ಲಿ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಮೊದಲನೇ ಸಲಕ್ಕೆ ಇದು ಬೇಡ. 'ಸ್ಪ್ರಿಂಟ್' ಅಂತ ಒಂದು ದೂರ ಇದೆ, 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ, ಅಂಥದ್ದೊಂದನ್ನು ಹುಡುಕಿ ಹೆಸರು ಕೊಡಿ. ಗೆಳೆಯರು ನಗುತ್ತಾರೆ, ನಗಲಿ ಬಿಡಿ. ಗೋವಾ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಕೆರೆ. ನಾನೂ ಕೆರೆಯಲ್ಲೇ ಕಲಿತವಳು, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಕೆರೆ ಈಜು ನಮಗೆ ಸುಳ್ಳು ಧೈರ್ಯ ಕೊಡುತ್ತದೆ. ಕೆರೆಗೆ ನಾಲ್ಕು ಬದಿ ಇದೆ, ಸುಸ್ತಾದರೆ ಹತ್ತು ಕೈ ಬೀಸಿದರೆ ಮೆಟ್ಟಿಲು ಸಿಗುತ್ತದೆ. ಅದೂ ಅಲ್ಲದೆ ನಾವೆಲ್ಲ ತಲೆ ಮೇಲಿಟ್ಟುಕೊಂಡೇ ಈಜುವವರು ಅಲ್ವಾ? ತಲೆ ಮೇಲೆ ಬಂದಷ್ಟೂ ಕಾಲು ಕೆಳಗೆ ಹೋಗುತ್ತದೆ, ಇಡೀ ಮೈ ನೀರಿಗೆ ಅಡ್ಡ ನಿಂತ ಹಾಗಾಗಿ ನೂರು ಮೀಟರಿಗೇ ಏದುಸಿರು ಬರುತ್ತದೆ. ಮುಖ ನೀರಿನೊಳಗಿಟ್ಟು, ಉಸಿರನ್ನು ನೀರಿನೊಳಗೇ ಗುಳುಗುಳು ಬಿಟ್ಟು, ತಲೆಯನ್ನು ಮೇಲೆತ್ತದೆ ಪಕ್ಕಕ್ಕೆ ತಿರುಗಿಸಿ ಎಳೆದುಕೊಳ್ಳುವುದನ್ನು ಮೊದಲು ಕಲಿಯಿರಿ. ಇದೊಂದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು, ಈಜುಕೊಳದ ಪಕ್ಕದ ಸಾಲಿನಲ್ಲಿ ಎಂಟು ವರ್ಷದ ಮಗು ಎರಡು ವಾರದಲ್ಲಿ ಕಲಿತಿತ್ತು! 25 ಮೀಟರಿನ ಕೊಳ ಸಿಕ್ಕಿದರೆ 30 ಉದ್ದ ಈಜಿದರೆ 750 ಆಯಿತು. ಬದಿ ಹಿಡಿಯದೆ 40 ಉದ್ದ ಆಗುವವರೆಗೆ ಕಡಲಿನ ಮಾತು ಬೇಡ.

ನಾನು ಮೊದಲ ಸಲ ಸ್ಪರ್ಧೆಗೆ ಕಡಲಿಗಿಳಿದ ದಿನ, ಕೊಳದಲ್ಲಿ ಅಷ್ಟೆಲ್ಲ ಈಜಿದ್ದರೂ, ಐವತ್ತು ಮೀಟರ್ ದಾಟುವಷ್ಟರಲ್ಲಿ ಎದೆ ಕಟ್ಟಿತು. ಕೆಳಗೆ ನೋಡಿದರೆ ಏನೂ ಕಾಣುವುದಿಲ್ಲ, ಮೇಲೆ ಅಲೆ, ಪಕ್ಕದವರ ಕಾಲು ಮುಖಕ್ಕೆ. ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತಾ ತೇಲಿದೆ, ಒಂದು ನಿಮಿಷವೋ ಎರಡೋ, ಉಸಿರು ತಾನಾಗಿ ಜಾಗಕ್ಕೆ ಬಂತು. ಉಪ್ಪುನೀರು ಕೆರೆ ನೀರಿಗಿಂತ ಚೆನ್ನಾಗಿ ಎತ್ತಿಹಿಡಿಯುತ್ತದೆ, ಆ ಒಂದು ಉಪಕಾರ ಅದರದ್ದು. ಹಾಗೆ ತೇಲಿದರೆ ತಪ್ಪಲ್ಲ. ಕಪ್ಪೆ ಈಜು ಈಜಿದರೂ ತಪ್ಪಲ್ಲ. ಕಾವಲಿಗಿರುವ ದೋಣಿಯನ್ನೋ ದಾರಿ ಗುರುತಿಗೆ ಬಿಟ್ಟ ತೇಲುಗುಂಡನ್ನೋ ಹಿಡಿದು ಸುಧಾರಿಸಿಕೊಳ್ಳಬಹುದು, ಅದನ್ನು ಹಿಡಿದು ಮುಂದಕ್ಕೆ ಮಾತ್ರ ಹೋಗಬಾರದು. ಹೊರಡುವಾಗ ಗುಂಪಿನ ನಡುವೆ ನುಗ್ಗದೆ ಹಿಂದೆ, ಒಂದು ಬದಿಗೆ ನಿಲ್ಲಿ. ನಾಲ್ಕಾರು ಕೈ ಬೀಸಿಗೊಮ್ಮೆ ಕಣ್ಣು ಮಾತ್ರ ಮೇಲೆ ಬರುವಷ್ಟು ತಲೆ ಎತ್ತಿ ತೇಲುಗುಂಡು ಎಲ್ಲಿದೆ ನೋಡಿಕೊಳ್ಳಿ, ಇಲ್ಲದಿದ್ದರೆ 750 ಮೀಟರ್ ಸುಮ್ನೆ 900 ಆಗುತ್ತದೆ.

ಕಡಲಿನ ಅಭ್ಯಾಸ ಮಳೆಗಾಲ ಪೂರ್ತಿ ಮುಗಿದ ಮೇಲೆಯೇ. ಬೇಕಲದ ಕೋಟೆ ಮೇಲಿಂದ ಕಡಲು ಎಷ್ಟು ಶಾಂತವಾಗಿ ಕಂಡರೂ ಒಬ್ಬರೇ ಇಳಿಯಬೇಡಿ, ಜೀವರಕ್ಷಕರು ಇರುವ ಕಡೆ, ಜೊತೆಗೊಬ್ಬರು ಇದ್ದಾಗ ಮಾತ್ರ. ಅಳಿವೆ ಬಾಗಿಲಿನ ಹತ್ತಿರ ಅಂತೂ ಬೇಡವೇ ಬೇಡ, ಇಳಿತದ ಹೊತ್ತಿಗೆ ಹೊಳೆ ನಿಮ್ಮನ್ನೂ ಕರೆದುಕೊಂಡು ಹೋಗುತ್ತದೆ. ನೀರು ಹೊರಗೆ ಎಳೆದರೆ ಅದಕ್ಕೆ ಎದುರಾಗಿ ಹೋರಾಡಬೇಡಿ, ದಡಕ್ಕೆ ಸಮವಾಗಿ ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಿ.

ಸೈಕಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇರುವ ಸೈಕಲ್ಲೇ ಸಾಕು, ಬ್ರೇಕ್, ಟಯರ್ ನೋಡಿಸಿ. ಹೆದ್ದಾರಿ 66ಕ್ಕೆ ಹೋಗಬೇಡಿ, ನಿಮ್ಮ ಊರಿನ ಒಳದಾರಿಗಳ ಏರು ಇಳುಕಲೇ ಒಳ್ಳೆಯ ಗುರು.

ಆದರೆ ಸೈಕಲಿನಿಂದ ಇಳಿದು ಓಡುವುದಿದೆಯಲ್ಲ, ಅದು ಬೇರೆಯೇ ಕಥೆ. ಈ ಅಭ್ಯಾಸಕ್ಕೆ 'ಬ್ರಿಕ್' ಅನ್ನುತ್ತಾರೆ. ಯಾಕೆ ಆ ಹೆಸರೋ, ನನ್ನ ಕಾಲಂತೂ ಎರಡು ಮುರಕಲ್ಲು ಕಟ್ಟಿದ ಹಾಗಾಗಿತ್ತು. ವಾರಕ್ಕೊಮ್ಮೆ ಒಂದು ಗಂಟೆ ಸೈಕಲ್ ಹೊಡೆದು, ಅಂಗಳದಲ್ಲಿ ಅದನ್ನು ಒರಗಿಸಿ, ನೀರು ಕುಡಿಯಲೂ ಒಳಗೆ ಹೋಗದೆ ಹತ್ತು ನಿಮಿಷ ಓಡಿ. ಮೂರು ನಾಲ್ಕು ವಾರದಲ್ಲಿ ಕಾಲಿಗೆ ಅಭ್ಯಾಸವಾಗುತ್ತದೆ.

ಈಜಿನಿಂದ ಸೈಕಲಿಗೆ, ಸೈಕಲಿನಿಂದ ಓಟಕ್ಕೆ ಬದಲಿಸುವ ಜಾಗದಲ್ಲೂ ಗಡಿಯಾರ ಓಡುತ್ತಲೇ ಇರುತ್ತದೆ. ಅಂತ ಗಾಬರಿ ಬಿದ್ದು ನಾನು ನನ್ನ ಸೈಕಲನ್ನೇ ದಾಟಿ ಹೋಗಿ, ಆ ಕಡೆ ಈ ಕಡೆ ಹುಡುಕಿದವಳು! ಹಿಂದಿನ ದಿನವೇ ಸಾಲು ಎಣಿಸಿ ಇಟ್ಟುಕೊಳ್ಳಿ. ಕೆಳಗೊಂದು ಬಣ್ಣದ ಬೈರಾಸು ಹಾಸಿ, ಅದರ ಮೇಲೆ ಬೂಟು, ಹೆಲ್ಮೆಟ್ ಇಡಿ. ಹೆಲ್ಮೆಟ್ ಪಟ್ಟಿ ಬಿಗಿದ ಮೇಲೇ ಸೈಕಲ್ ಮುಟ್ಟಬೇಕು, ಓಡಿಸಿ ಬಂದು ಮತ್ತೆ ನಿಲ್ಲಿಸುವವರೆಗೂ ಬಿಚ್ಚಬಾರದು. ಸೈಕಲ್ ಹತ್ತಲು ಗುರುತು ಮಾಡಿದ ಗೆರೆ ದಾಟುವವರೆಗೆ ಅದನ್ನು ತಳ್ಳಿಕೊಂಡೇ ಹೋಗಬೇಕು. ಕಿವಿಗೆ ಹಾಡು ಹಾಕುವ ಹಾಗಿಲ್ಲ. ಸ್ಪರ್ಧೆಯ ಬೆಳಿಗ್ಗೆ ಹೊಟ್ಟೆಗೆ ಶಕ್ತಿಗೆಂದು ಮಾರುವ ಹೊಸ ಜೆಲ್ಲು ಗಿಲ್ಲು ಬೇಡ, ಅಭ್ಯಾಸದ ದಿನ ಗಂಜಿ ಉಣ್ಣುವವರಾದರೆ ಅಂದೂ ಗಂಜಿಯೇ, ಹೊರಡಲು ಎರಡು ಮೂರು ಗಂಟೆ ಮೊದಲು.

ಪ್ರಶ್ನೆ: ನನಗೂ ಟ್ರಯಥ್ಲಾನ್‌ನಲ್ಲಿ ಭಾಗವಹಿಸಲು ಆಸೆ. ಆದರೆ ನೀರಿನಿಂದ ಎದ್ದು ಬಂದ ಮೇಲೆ ಬಟ್ಟೆ ಬದಲಿಸಲು ಮರೆ ಇರುತ್ತದಾ ಮೇಡಂ? ಯಾರ ಹತ್ತಿರವೂ ಕೇಳಲು ಆಗಲಿಲ್ಲ.
– ಓದುಗಿ, ಉಪ್ಪಳ

ಉತ್ತರ: ಬದಲಿಸುವುದೇ ಇಲ್ಲ. ಬೇಗ ಒಣಗುವ ಒಂದೇ ಬಟ್ಟೆಯಲ್ಲಿ ಈಜಿ, ಸೈಕಲ್ ಹೊಡೆದು, ಓಡಿ ಮುಗಿಸುತ್ತಾರೆ. ಅಲ್ಲಿ ಬಟ್ಟೆ ಬಿಚ್ಚಿ ನಿಲ್ಲುವುದೇ ನಿಯಮಕ್ಕೆ ವಿರುದ್ಧ. ಇದಕ್ಕೆಂದೇ ಟ್ರೈಸೂಟ್ ಸಿಗುತ್ತದೆ, ಅದೇ ಆಗಬೇಕೆಂದಿಲ್ಲ, ಈಜುಡುಗೆಯ ಮೇಲೆ ಸೈಕಲ್ ಚಡ್ಡಿ, ಒಂದು ಜೆರ್ಸಿ ಹಾಕಿದರೂ ನಡೆಯುತ್ತದೆ. ಹತ್ತಿ ಬಟ್ಟೆ ಮಾತ್ರ ಬೇಡ, ನೀರು ಕುಡಿದು ಭಾರವಾಗಿ ತೊಡೆ ಉಜ್ಜುತ್ತದೆ. ಮೊಣಕೈ, ಮೊಣಕಾಲು ದಾಟುವ ಬಟ್ಟೆ ಬೇಕಿದ್ದರೆ ನಡೆಸುವವರಿಗೆ ಮೊದಲೇ ಬರೆದು ಕೇಳಿ, ಈಜಿನಲ್ಲಿ ಅದಕ್ಕೆ ಕೆಲವು ಕಡೆ ನಿಯಮ ಇರುತ್ತದೆ. ಹಾಕಿಕೊಳ್ಳುವುದು ಯಾವುದೇ ಆಗಲಿ, ಅದೇ ಬಟ್ಟೆಯಲ್ಲಿ ಮೂರೂ ಅಭ್ಯಾಸ ಮಾಡಿ, ಎಲ್ಲಿ ಉಜ್ಜುತ್ತದೆ ಅಂತ ಗೊತ್ತಾದ ಕಡೆ ವ್ಯಾಸಲಿನ್ ಹಚ್ಚಿ.